ಲೆಸ್ಟರ್ ಪ್ಯಾಟ್ರಿಕ್ ಅವರ ವೃತ್ತಿಜೀವನವನ್ನು ಬರೆಯುವ ಬಗೆ

ಐಸ್ ಹಾಕಿಯ ಆರಂಭಕಾಲದ ವೃತ್ತಿಪರ ಆಟಗಾರರಾಗಿದ್ದು ಮುಂದೆ ಆಡಳಿತಗಾರರಾದವರ ಬಗ್ಗೆ ಬರೆಯುವಾಗ, ಆಟಕ್ಕೊಂದು ಅಧ್ಯಾಯ, ಆಡಳಿತಕ್ಕೊಂದು ಅಧ್ಯಾಯ ಎಂಬ ಯೋಜನೆಯನ್ನು ಮೊದಲೇ ಕೈಬಿಡಿ. ಕೆನಡಾದ ಲೆಸ್ಟರ್ ಪ್ಯಾಟ್ರಿಕ್ (1883–1960) ಅವರ ವಿಷಯದಲ್ಲಂತೂ ಆ ವಿಂಗಡಣೆ ನಿಲ್ಲುವುದೇ ಇಲ್ಲ.

ಪ್ರತಿ ಋತುವಿನಲ್ಲಿ ಅವರು ಯಾವ ತಂಡದಲ್ಲಿದ್ದರು, ಯಾವ ಲೀಗ್‌ನಲ್ಲಿ ಆಡಿದರು, ಹಣ ಯಾರದ್ದು ಎಂಬುದನ್ನು ಗುರುತು ಹಾಕಿಕೊಳ್ಳಿ. 1906 ಮತ್ತು 1907ರಲ್ಲಿ ಮಾಂಟ್ರಿಯಲ್ ವಾಂಡರರ್ಸ್ ಪರವಾಗಿ ಐಸ್ ಹಾಕಿಯ ಪ್ರತಿಷ್ಠಿತ ಟ್ರೋಫಿಯಾದ ಸ್ಟ್ಯಾನ್ಲಿ ಕಪ್ ಗೆದ್ದ ಅವರಿಗೆ, 1909–10ರಲ್ಲಿ ರೆನ್‌ಫ್ರೂ ತಂಡ ಮೂರು ಸಾವಿರ ಡಾಲರ್ ಸಂಬಳ ಕೊಟ್ಟಿತು. ಆಗ ತಂಡಕ್ಕೆ ಇಂದಿನಂತೆ ಆರಲ್ಲ, ಏಳು ಮಂದಿ ಆಡುತ್ತಿದ್ದುದರಿಂದ ಅಂದಿನ ಗೋಲುಗಳ ಲೆಕ್ಕವನ್ನು ಇಂದಿನ ಅಂಕಿಗಳ ಪಕ್ಕದಲ್ಲಿಟ್ಟು ತೂಗಬೇಡಿ.

ಹೆಚ್ಚು ಗಮನ ಬೇಡುವುದು 1911. ತಂದೆ ಜೋಸೆಫ್ ಮರದ ವ್ಯಾಪಾರವನ್ನು ಮಾರಿ ಬಂದ ಹಣದಿಂದ ಲೆಸ್ಟರ್ ಮತ್ತು ತಮ್ಮ ಫ್ರಾಂಕ್ ಪೆಸಿಫಿಕ್ ಕೋಸ್ಟ್ ಹಾಕಿ ಅಸೋಸಿಯೇಷನ್ ಎಂಬ ಲೀಗ್ ಕಟ್ಟಿದರು. ಕರಾವಳಿಯ ಚಳಿ ನೈಸರ್ಗಿಕ ಮಂಜುಗಡ್ಡೆಗೆ ಸಾಲದ ಕಾರಣ ವಿಕ್ಟೋರಿಯಾ, ವ್ಯಾಂಕೂವರ್‌ಗಳಲ್ಲಿ ಕೃತಕ ಮಂಜುಗಡ್ಡೆಯ ಅಂಗಣಗಳನ್ನೂ ನಿರ್ಮಿಸಿದರು. ವಿಕ್ಟೋರಿಯಾದಲ್ಲಿ ಲೆಸ್ಟರ್ ಆಡುತ್ತಲೇ ತಂಡವನ್ನೂ ನಡೆಸಿದರು. ಅಂಗಣವನ್ನು ವಲಯಗಳಾಗಿ ವಿಂಗಡಿಸುವ ನೀಲಿ ಗೆರೆ, ಪೆನಾಲ್ಟಿ ಶಾಟ್ ಮೊದಲಾದ ಹೊಸ ನಿಯಮಗಳು ಆ ಲೀಗ್‌ನಿಂದಲೇ ಬಂದವು. ಅವುಗಳ ಹಿರಿಮೆಯನ್ನು ಲೆಸ್ಟರ್ ಒಬ್ಬರಿಗೇ ಕಟ್ಟಿದರೆ ಫ್ರಾಂಕ್‌ಗೆ ಅನ್ಯಾಯವಾಗುತ್ತದೆ. 1925ರಲ್ಲಿ ಲೆಸ್ಟರ್ ಅವರ ವಿಕ್ಟೋರಿಯಾ ಕೂಗರ್ಸ್ ಸ್ಟ್ಯಾನ್ಲಿ ಕಪ್ ಗೆದ್ದಿತು. ನ್ಯಾಷನಲ್ ಹಾಕಿ ಲೀಗ್‌ಗೆ (ಎನ್‌ಎಚ್‌ಎಲ್) ಸೇರದ ತಂಡವೊಂದು ಅದನ್ನು ಗೆದ್ದದ್ದು ಅದೇ ಕೊನೆ.

1928ರ ಸ್ಟ್ಯಾನ್ಲಿ ಕಪ್ ಫೈನಲ್ ಸರಣಿಯ ಎರಡನೆಯ ಪಂದ್ಯವನ್ನು ಬಿಡುವ ಹಾಗಿಲ್ಲ, ಹಿಗ್ಗಿಸುವ ಹಾಗೂ ಇಲ್ಲ. ನ್ಯೂಯಾರ್ಕ್ ರೇಂಜರ್ಸ್‌ನ ಗೋಲ್‌ಕೀಪರ್ ಲಾರ್ನ್ ಶಾಬೊ ಅವರ ಕಣ್ಣಿಗೆ ಪಕ್ (ಚೆಂಡಿನ ಬದಲು ಬಳಸುವ ರಬ್ಬರ್ ಬಿಲ್ಲೆ) ಬಡಿಯಿತು. ಬದಲಿ ಗೋಲ್‌ಕೀಪರ್ ಇರಲಿಲ್ಲ, ಪ್ರೇಕ್ಷಕರ ನಡುವೆ ಇದ್ದ ಒಟ್ಟಾವಾದ ಗೋಲ್‌ಕೀಪರ್‌ನನ್ನು ಇಳಿಸಲು ಎದುರಾಳಿ ಮಾಂಟ್ರಿಯಲ್ ಮರೂನ್ಸ್ ಒಪ್ಪಲಿಲ್ಲ. ಆಗ ರೇಂಜರ್ಸ್‌ನ ತರಬೇತುದಾರರೂ ಮ್ಯಾನೇಜರೂ ಆಗಿದ್ದ, ನಲವತ್ತನಾಲ್ಕರ ಪ್ಯಾಟ್ರಿಕ್ ತಾವೇ ಗೋಲಿನಲ್ಲಿ ನಿಂತರು. ರೇಂಜರ್ಸ್ ಆಟಗಾರ ಫ್ರಾಂಕ್ ಬೌಷೆ ಹೆಚ್ಚುವರಿ ಅವಧಿಯಲ್ಲಿ ಹೊಡೆದ ಗೋಲಿನಿಂದ ರೇಂಜರ್ಸ್ 2–1ರಿಂದ ಗೆದ್ದಿತು. ಎಷ್ಟೋ ಲೇಖನಗಳಲ್ಲಿ ಈ ಒಂದು ರಾತ್ರಿಯೇ ಇಡೀ ಬದುಕನ್ನು ನುಂಗಿಬಿಡುತ್ತದೆ; ಒಂದು ಕಂಡಿಕೆ ಸಾಕು.

ರೇಂಜರ್ಸ್ ಗೆದ್ದ ಕಪ್‌ಗಳನ್ನು ದಾಖಲಿಸುವಾಗ ಅವರ ಹುದ್ದೆಯನ್ನೂ ನಮೂದಿಸಿ: 1928 ಮತ್ತು 1933ರಲ್ಲಿ ತರಬೇತುದಾರರೂ ಮ್ಯಾನೇಜರೂ ಅವರೇ, 1940ರಲ್ಲಿ ಅವರು ಮ್ಯಾನೇಜರ್ ಮಾತ್ರ, ತರಬೇತಿ ಬೌಷೆಯವರದು.