ಭರತ ನೋಡಿಕೊಂಡು ಹಕ್ಕಿ ಎಣಿಸುವುದು

ಉತ್ತರ ಕನ್ನಡದ ಅಘನಾಶಿನಿ ನದಿಯ ಅಳಿವೆಯಲ್ಲಿ ಹಕ್ಕಿ ಎಣಿಸಲು ಶುರು ಮಾಡಿದ ಮೊದಲ ಚಳಿಗಾಲ, ಬೆಳಿಗ್ಗೆ ಏಳು ಅಂದರೆ ಏಳಕ್ಕೇ ತದಡಿ ಕಡೆಯ ದಂಡೆಯಲ್ಲಿ ಇರುತ್ತಿದ್ದೆ. ಎಷ್ಟೋ ಸಲ ಅದು ಇಳಿತದ, ಅಂದರೆ ಸಮುದ್ರದ ನೀರು ಇಳಿಯುವ ಹೊತ್ತು. ಕೆಸರು ಬಯಲು ದೂರದವರೆಗೆ ಬಿಚ್ಚಿಕೊಂಡಿರುತ್ತಿತ್ತು, ಹಕ್ಕಿಗಳು ಎಳ್ಳು ಚೆಲ್ಲಿದ ಹಾಗೆ. ಬೈನಾಕ್ಯುಲರ್‌ನಲ್ಲೂ ಯಾವುದು ಏನು ಅಂತ ತಿಳಿಯುತ್ತಿರಲಿಲ್ಲ.

ಕೆಸರಿನಲ್ಲಿ ಬಳಚು (ಕಪ್ಪೆಚಿಪ್ಪು) ಹೆಕ್ಕುತ್ತಿದ್ದ ಅಮ್ಮ ಒಬ್ಬರು ಒಂದು ದಿನ, "ಈಗೆಂತಾ ನೋಡ್ತ್ರಿ? ನೀರು ಏರ್ಲಿ, ಎಲ್ಲಾ ಒಂದೇ ಕಡೆ ಬರ್ತವೆ" ಅಂದರು. ಅಂದಿನಿಂದ ಮೊದಲು ನೋಡುವುದು ಭರತದ, ಅಂದರೆ ನೀರು ಏರುವ ಹೊತ್ತನ್ನು. ಅದು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ನೀರು ಜಾಸ್ತಿ ಏರುತ್ತದೆ. ಆಗ ಕೆಸರೆಲ್ಲ ಮುಳುಗಿ, ಹಕ್ಕಿಗಳು ಗಜನಿಯ (ಉಪ್ಪುನೀರು ಬರುವ ತಗ್ಗು ಗದ್ದೆಯ) ಒಡ್ಡಿಗೋ ಉಸುಕಿನ ದಿಬ್ಬಕ್ಕೋ ಬಂದು ಒತ್ತಾಗಿ ನಿಲ್ಲುತ್ತವೆ.

ಪೂರ್ತಿ ಭರತಕ್ಕೆ ಎರಡು ತಾಸು ಮೊದಲೇ ಹೋಗಿ, ಬಿಸಿಲಿಗೆ ಬೆನ್ನು ಹಾಕಿ ಕೂರುತ್ತೇನೆ. ಮೊದಲು ಹತ್ತು ಹಕ್ಕಿ ಎಣಿಸಿ, ಆ ಹತ್ತು ಎಷ್ಟು ಜಾಗ ಹಿಡಿಯುತ್ತದೆ ಅಂತ ಕಣ್ಣಿಗೆ ರೂಢಿ ಮಾಡಿಕೊಳ್ಳುತ್ತೇನೆ. ಆಮೇಲೆ ಹತ್ತತ್ತರ ಲೆಕ್ಕ. ಜಾತಿ ಬೆರೆತಿದ್ದರೆ ಗುಂಪಿನ ಬೇರೆ ಬೇರೆ ಕಡೆ ಐವತ್ತೈವತ್ತು ಹಕ್ಕಿ ನೋಡಿ, ಸ್ಯಾಂಡ್ ಪ್ಲವರ್ ಎಷ್ಟು, ಸ್ಯಾಂಡ್‌ಪೈಪರ್ ಎಷ್ಟು ಅಂತ ಪಾಲು ಹಾಕುತ್ತೇನೆ.

ಹತ್ತಿರ ಮಾತ್ರ ಹೋಗಬಾರದು. ಉದ್ದ ಕೊಕ್ಕಿನ ಕರ್ಲ್ಯೂ ತುಂಬ ಅಂಜುಬುರುಕ. ಅದು ಕೂಗಿ ಎದ್ದರೆ ಎಲ್ಲವೂ ಏಳುತ್ತವೆ. ಎಣಿಕೆ ಹೋದರೆ ಹೋಗಲಿ, ದೂರ ಹಾರಲು ಕೂಡಿಸಿಟ್ಟ ಕೊಬ್ಬನ್ನು ಅವು ಸುಮ್ನೆ ಕಳೆದುಕೊಳ್ಳುತ್ತವೆ, ಅಲ್ವಾ? ಅಳಿವೆಯ 4801 ಹೆಕ್ಟೇರ್ ರಾಮ್ಸಾರ್ ತಾಣ, ಅಂದರೆ ಜಗತ್ತಿನ ಮಟ್ಟದಲ್ಲಿ ಮಹತ್ವದ ಜೌಗು ಪ್ರದೇಶ, ಅಂತ 2024ರಲ್ಲಿ ಪ್ರಕಟವಾಯಿತು. ನನಗೆ ತುಂಬ ಸಂತೋಷ. ಆದರೆ ಫೋಟೋಗಾಗಿ ಹಕ್ಕಿ ಎಬ್ಬಿಸುವವರನ್ನು ಕಂಡರೆ ಹೊಟ್ಟೆ ಉರಿಯುತ್ತದೆ. ಹೋಗಿ ಹೇಳುತ್ತೇನೆ. ಹೆಚ್ಚಿನವರು ಕೇಳುತ್ತಾರೆ.

ಏಪ್ರಿಲ್ ಎಣಿಕೆ ನನಗೆ ಅಚ್ಚುಮೆಚ್ಚು. ಚಳಿಗಾಲವಿಡೀ ಮಣ್ಣಿನ ಬಣ್ಣದಲ್ಲಿದ್ದ ಸ್ಯಾಂಡ್ ಪ್ಲವರ್‌ಗಳ ಎದೆ ಇಟ್ಟಿಗೆಯಂತೆ ಕೆಂಪಾಗುತ್ತದೆ. ಹಿಮಾಲಯದಾಚೆ ಮೊಟ್ಟೆ ಇಡಲು ಹೊರಡುವ ತಯಾರಿ ಅದು. ಒಂದು ಭರತಕ್ಕೆ ಇದ್ದವು ಮುಂದಿನ ವಾರ ಇರುವುದಿಲ್ಲ. ಇನ್ನೂ ಜೋಡಿ ಕಟ್ಟದ ಎಳೆಯವು ಕೆಲವು ಇಲ್ಲೇ ಉಳಿಯುತ್ತವೆ. ಅವನ್ನು ಎಣಿಸಲು ಜೂನ್ ಮಳೆಯಲ್ಲೂ ಕೊಡೆ ಹಿಡಿದು ಹೋಗುತ್ತೇನೆ. ಹೋದ ವರ್ಷ ಹನ್ನೊಂದು ಇದ್ದವು.