ಎಪ್ಪತ್ತು ಅಂಕ ಮತ್ತು ಐದು ವರ್ಷ: ಬ್ರಿಟನ್ ವೀಸಾಗಳ ನನ್ನ ಅನುಭವ

2021ರ ಬೇಸಿಗೆಯಲ್ಲಿ ಲೀಡ್ಸ್ ನಗರದ ವಿಶ್ವವಿದ್ಯಾಲಯವೊಂದರಲ್ಲಿ ಸ್ಟ್ರಕ್ಚರಲ್ ಎಂಜಿನಿಯರಿಂಗ್ ಎಂ.ಎಸ್ಸಿ.ಗೆ ಸೀಟು ಸಿಕ್ಕಾಗ ನಾನು ದಾವಣಗೆರೆಯಲ್ಲಿದ್ದೆ. ಊರಿನ ಏಜೆಂಟರೊಬ್ಬರು ನನ್ನ ವಯಸ್ಸು, ಬಿ.ಇ. ಪದವಿ, ಎರಡು ವರ್ಷದ ಕೆಲಸ ಎಲ್ಲವನ್ನೂ ಕೂಡಿಸಿ, "ನಿಮಗೆ ಒಳ್ಳೆಯ ಪಾಯಿಂಟ್ ಬರುತ್ತದೆ" ಎಂದರು. ಅವರು ಕೂಡಿಸಿದ್ದು ಕೆನಡಾದ ಲೆಕ್ಕ ಎಂಬುದು ನನಗೆ ತಿಳಿಯಲು ಒಂದು ತಿಂಗಳೇ ಹಿಡಿಯಿತು. ಕೆನಡಾದ ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ವಯಸ್ಸು, ಓದು, ಭಾಷೆ, ಅನುಭವಗಳಿಗೆ 1200ರವರೆಗೆ ಅಂಕ ಕೊಟ್ಟು, ಅರ್ಜಿದಾರರನ್ನು ಒಬ್ಬರ ಮೇಲೊಬ್ಬರಂತೆ ಸಾಲಾಗಿ ನಿಲ್ಲಿಸುತ್ತಾರೆ. ಬ್ರಿಟನ್ನಿನಲ್ಲಿ ಅಂತಹ ಸಾಲಿಲ್ಲ. ಅಲ್ಲಿ 70 ಅಂಕವೆಂದರೆ ಪಾಸಾಗುವ ಗೆರೆ. ಗೆರೆ ದಾಟಿದವರೆಲ್ಲ ಸಮಾನರು, 69 ಎಂಬುದು ಹೆಚ್ಚುಕಡಿಮೆ ಇಲ್ಲವೇ ಇಲ್ಲ.

ವಿದ್ಯಾರ್ಥಿ ವೀಸಾದಲ್ಲಿ ಇದು ಇನ್ನೂ ಸರಳ. ವಿಶ್ವವಿದ್ಯಾಲಯ ಕೊಡುವ 'ಕ್ಯಾಸ್' ಎಂಬ ದೃಢೀಕರಣ ಸಂಖ್ಯೆ ಮತ್ತು ಅದಕ್ಕೆ ಸೇರಿದ ಷರತ್ತುಗಳಿಗೆ 50, ಹಣಕ್ಕೆ 10, ಇಂಗ್ಲಿಷಿಗೆ 10. ಮೂರೂ ಕಡ್ಡಾಯ, ಒಂದರ ಕೊರತೆಯನ್ನು ಇನ್ನೊಂದರಿಂದ ತುಂಬಿಸಿಕೊಳ್ಳಲು ಬರುವುದಿಲ್ಲ. ನನ್ನನ್ನು ಕಾಡಿದ್ದು ಹಣದ ಹತ್ತು ಅಂಕ. ಲಂಡನ್ನಿನ ಹೊರಗೆ ಓದುವವರು ಆಗ ತಿಂಗಳಿಗೆ 1,023 ಪೌಂಡಿನಂತೆ ಒಂಬತ್ತು ತಿಂಗಳಿಗೆ 9,207 ಪೌಂಡ್, ಜೊತೆಗೆ ಬಾಕಿ ಉಳಿದ ಶುಲ್ಕವನ್ನು ಸತತ 28 ದಿನ ಖಾತೆಯಲ್ಲಿ ಇಟ್ಟು ತೋರಿಸಬೇಕಿತ್ತು, ಮತ್ತು ಆ 28 ದಿನಗಳು ಅರ್ಜಿ ಹಾಕುವ ದಿನಕ್ಕೆ ಹಿಂದಿನ 31 ದಿನಗಳೊಳಗೆ ಮುಗಿದಿರಬೇಕಿತ್ತು. ಅಪ್ಪನ ಠೇವಣಿಯನ್ನು ತೋರಿಸಬಹುದು, ಆದರೆ ಅವರು ನನ್ನ ತಂದೆಯೆಂದು ಜನನ ಪ್ರಮಾಣಪತ್ರ ಹೇಳಬೇಕು. ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿರುವ ತೊಡಕು ಅಲ್ಲಿಯೇ ಎದುರಾಯಿತು: ಪ್ರಮಾಣಪತ್ರದಲ್ಲಿ ಅಪ್ಪನ ಹೆಸರಿನೊಂದಿಗೆ ಅಜ್ಜನ ಹೆಸರು ಪೂರ್ತಿಯಾಗಿದೆ, ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಬರೀ ಇನಿಷಿಯಲ್ಲಿದೆ. ಅದನ್ನು ತಿದ್ದಿಸುತ್ತ ಕೂತರೆ ಸೆಪ್ಟೆಂಬರ್ ಕಳೆಯುತ್ತಿತ್ತು. ಹಾಗಾಗಿ ನನ್ನ ಹೆಸರಿನಲ್ಲೇ ಶಿಕ್ಷಣ ಸಾಲ ಮಂಜೂರು ಮಾಡಿಸಿಕೊಂಡೆ. ಸಾಲದ ಪತ್ರಕ್ಕೆ 28 ದಿನದ ಕಟ್ಟಳೆಯಿಲ್ಲ. ಅದು ಆರು ತಿಂಗಳಿಗಿಂತ ಹಳೆಯದಾಗಿರದೆ, ಸಾಲ ವಿದ್ಯಾರ್ಥಿಯ ಹೆಸರಿನಲ್ಲೇ ಇದೆಯೆಂದು ಸ್ಪಷ್ಟವಾಗಿ ಹೇಳಿದರೆ ಸಾಕು. ಕ್ಷಯರೋಗದ ಪರೀಕ್ಷೆ, ಬೆರಳಚ್ಚು ಎರಡೂ ಬೆಂಗಳೂರಿನಲ್ಲಿ ಆದವು. ವೀಸಾ ಶುಲ್ಕ 348 ಪೌಂಡ್, ಆರೋಗ್ಯ ಸೇವೆಯ ಶುಲ್ಕ 705 ಪೌಂಡ್.

ಲೀಡ್ಸ್‌ನಲ್ಲಿ ಪರಿಚಯವಾದ ಹಿರಿಯ ಕನ್ನಡಿಗರು ಈಗಲೂ 'ಟಿಯರ್ ಫೋರ್', 'ಟಿಯರ್ ಟೂ' ಎಂದೇ ಮಾತಾಡುತ್ತಾರೆ. ಟಿಯರ್ ಫೋರ್ ಎಂದರೆ ವಿದ್ಯಾರ್ಥಿ ವೀಸಾ, ಟಿಯರ್ ಟೂ ಎಂದರೆ ಕೌಶಲದ ಕೆಲಸಗಾರರ ವೀಸಾ. 2008ರಲ್ಲಿ ಅಂಕ ಪದ್ಧತಿ ಬಂದಾಗ ಐದು ಟಿಯರ್‌ಗಳಿದ್ದವು. ಕಡಿಮೆ ಕೌಶಲದ ಕೆಲಸಗಾರರಿಗೆಂದು ಹೆಸರಿಸಿದ ಮೂರನೆಯದನ್ನು ಕೊನೆಗೂ ತೆರೆಯಲೇ ಇಲ್ಲ. 2020ರ ಕೊನೆಯಲ್ಲಿ ಆ ಹೆಸರುಗಳು ಹೋಗಿ ಸ್ಟೂಡೆಂಟ್, ಸ್ಕಿಲ್ಡ್ ವರ್ಕರ್ ಎಂಬ ಹೆಸರುಗಳು ಬಂದವು. ಓದಿನ ನಂತರದ ಕೆಲಸಕ್ಕೆ ಇದ್ದ ಹಳೆಯ ವೀಸಾ 2012ರಲ್ಲಿ ಮುಚ್ಚಿತ್ತು. ಅದಕ್ಕೆ ಬದಲಾಗಿ 2021ರ ಜುಲೈ 1ರಂದು ಗ್ರಾಜುಯೇಟ್ ವೀಸಾ ತೆರೆಯಿತು. ನಾನು ವಿಮಾನ ಹತ್ತಿದ್ದು ಅದನ್ನು ನೆಚ್ಚಿಕೊಂಡೇ.

2022ರ ನವೆಂಬರಿನಲ್ಲಿ ಫಲಿತಾಂಶ ಬಂತು. ನಾನು ಕೋರ್ಸ್ ಮುಗಿಸಿದೆನೆಂದು ವಿಶ್ವವಿದ್ಯಾಲಯವು ಹೋಮ್ ಆಫೀಸಿಗೆ, ಅಂದರೆ ಬ್ರಿಟನ್ನಿನ ಗೃಹ ಇಲಾಖೆಗೆ, ತಿಳಿಸಿದ ಮೇಲಷ್ಟೇ ಗ್ರಾಜುಯೇಟ್ ವೀಸಾಕ್ಕೆ ಅರ್ಜಿ ಹಾಕಬಹುದು, ಅದೂ ಬ್ರಿಟನ್ನಿನಲ್ಲಿದ್ದುಕೊಂಡೇ. 715 ಪೌಂಡ್ ಅರ್ಜಿಗೆ, 1,248 ಪೌಂಡ್ ಆರೋಗ್ಯ ಸೇವೆಗೆ ಕಟ್ಟಿ ಡಿಸೆಂಬರಿನಲ್ಲಿ ಎರಡು ವರ್ಷದ ಅನುಮತಿ ಪಡೆದೆ. ಅದಕ್ಕೆ ಕೆಲಸದ ಪತ್ರ ಬೇಡ, ಸಂಬಳದ ಮಿತಿಯಿಲ್ಲ. ಆ ನಿರಾಳದಲ್ಲಿ ನಾನು ದೊಡ್ಡ ತಪ್ಪು ಮಾಡಿದೆ. ಈ ಎರಡು ವರ್ಷಗಳೂ ಶಾಶ್ವತ ವಾಸದ ಲೆಕ್ಕಕ್ಕೆ ಸೇರುತ್ತವೆ ಎಂದು, ಯಾರನ್ನೂ ಕೇಳದೆ ನನ್ನಷ್ಟಕ್ಕೆ ನಂಬಿಕೊಂಡೆ. ಸೇರುವುದಿಲ್ಲ. ಶಾಶ್ವತ ವಾಸಕ್ಕೆ ಬೇಕಾದ ಸ್ಕಿಲ್ಡ್ ವರ್ಕರ್ ದಾರಿಯ ಐದು ವರ್ಷಗಳಲ್ಲಿ ವಿದ್ಯಾರ್ಥಿಯಾಗಿ ಕಳೆದ ಕಾಲವೂ ಇಲ್ಲ, ಗ್ರಾಜುಯೇಟ್ ವೀಸಾದ ಕಾಲವೂ ಇಲ್ಲ. ಆದರೆ ಇನ್ನೊಂದು ಲೆಕ್ಕಕ್ಕೆ ಅದೇ ಎರಡು ವರ್ಷಗಳು ನಮ್ಮ ವಿರುದ್ಧ ಸೇರುತ್ತವೆ, ಮತ್ತು ಬಹಳ ಜನ ಎಡವುವುದು ಅಲ್ಲಿಯೇ.

ಸ್ಕಿಲ್ಡ್ ವರ್ಕರ್ ವೀಸಾದ 70ರಲ್ಲಿ 50 ಅಂಕ ಕಡ್ಡಾಯ: ಪರವಾನಗಿಯುಳ್ಳ ಸಂಸ್ಥೆಯ ಸ್ಪಾನ್ಸರ್‌ಶಿಪ್‌ಗೆ 20, ಕೆಲಸದ ಮಟ್ಟಕ್ಕೆ 20, ಇಂಗ್ಲಿಷಿಗೆ 10. ಉಳಿದ 20 ಅಂಕ ಮಾತ್ರ ಸಂಬಳಕ್ಕೆ ಸಂಬಂಧಿಸಿದ್ದು, ಹೊಂದಿಸಿಕೊಳ್ಳಲು ಜಾಗವಿರುವುದೂ ಅಲ್ಲಿಯೇ. 2023ರ ಏಪ್ರಿಲ್‌ನಿಂದ ಸಾಮಾನ್ಯ ಮಿತಿ 26,200 ಪೌಂಡ್ ಇತ್ತು, ಅದರೊಂದಿಗೆ ಆಯಾ ವೃತ್ತಿಗೆ ಗೊತ್ತುಪಡಿಸಿದ ದರವನ್ನೂ ಮುಟ್ಟಬೇಕಿತ್ತು. 26 ವರ್ಷದೊಳಗಿನವರಿಗೆ, ಓದು ಮುಗಿಸಿ ಬರುವವರಿಗೆ 'ನ್ಯೂ ಎಂಟ್ರಂಟ್' ಎಂಬ ರಿಯಾಯಿತಿಯುಂಟು: ಆಗ ಅದು 20,960 ಪೌಂಡ್ ಮತ್ತು ವೃತ್ತಿ ದರದ ಶೇಕಡಾ 70. ಆದರೆ ಈ ರಿಯಾಯಿತಿ ಒಟ್ಟು ನಾಲ್ಕೇ ವರ್ಷ, ಆ ನಾಲ್ಕರೊಳಗೆ ಗ್ರಾಜುಯೇಟ್ ವೀಸಾದ ಅವಧಿಯೂ ಸೇರಿದೆ.

ಲೀಡ್ಸ್‌ನ ಕಟ್ಟಡ ವಿನ್ಯಾಸ ಸಂಸ್ಥೆಯೊಂದರಲ್ಲಿ ನನ್ನ ಸಂಬಳ ವರ್ಷಕ್ಕೆ 28,500 ಪೌಂಡ್ ಇತ್ತು. ಅದು ವೃತ್ತಿ ದರವನ್ನು ಪೂರ್ತಿ ಮುಟ್ಟದ್ದರಿಂದ ನನಗೆ ಈ ರಿಯಾಯಿತಿಯೇ ಬೇಕಿತ್ತು. 2024ರ ಕೊನೆಯಲ್ಲಿ ಗ್ರಾಜುಯೇಟ್ ವೀಸಾ ಮುಗಿಯುವಾಗ ಸ್ಪಾನ್ಸರ್ ಮಾಡುವುದಾಗಿ ಸಂಸ್ಥೆ ಹೇಳಿತ್ತು. 2023ರ ಡಿಸೆಂಬರ್ 4ರಂದು ಗೃಹ ಸಚಿವ ಜೇಮ್ಸ್ ಕ್ಲೆವರ್ಲಿ ಸಾಮಾನ್ಯ ಮಿತಿಯನ್ನು 38,700 ಪೌಂಡಿಗೆ ಏರಿಸುವುದಾಗಿ ಘೋಷಿಸಿದರು. ಅದು ಜಾರಿಗೆ ಬರುವ ದಿನ 2024ರ ಏಪ್ರಿಲ್ 4. ಹೊಸ ನಿಯಮದಲ್ಲಿ ನ್ಯೂ ಎಂಟ್ರಂಟ್ ಮಿತಿಯೇ 30,960 ಪೌಂಡ್ ಇತ್ತು, ಅಂದರೆ ನಾನು ಅದರ ಹೊರಗೆ. ಗ್ರಾಜುಯೇಟ್ ವೀಸಾದಲ್ಲಿ ಇನ್ನೂ ಸುಮಾರು ಒಂಬತ್ತು ತಿಂಗಳು ಉಳಿದಿದ್ದರೂ ಅದನ್ನು ಬಿಟ್ಟುಕೊಡಲು ನಿರ್ಧರಿಸಿ, ಏಪ್ರಿಲಿಗೆ ಮೊದಲೇ ಸ್ಪಾನ್ಸರ್‌ಶಿಪ್ ಪತ್ರ ಕೊಡಿಸಿ ಎಂದು ಮೇಲಧಿಕಾರಿಯನ್ನು ಕೇಳಿಕೊಂಡೆ. ಸಂಸ್ಥೆಗೆ ಆ ವರ್ಷ ಹಂಚಿಕೆಯಾಗಿದ್ದ ಪತ್ರಗಳು ಮುಗಿದಿದ್ದವು, ಹೆಚ್ಚುವರಿಯಾಗಿ ಒಂದನ್ನು ಕೇಳಿ ಪಡೆಯುವಷ್ಟರಲ್ಲಿ ಮಾರ್ಚ್ ಬಂತು. ಆ ವಾರಗಳಲ್ಲಿ ನನಗೆ ಸರಿಯಾಗಿ ನಿದ್ದೆ ಬಂದದ್ದು ನೆನಪಿಲ್ಲ. ಅರ್ಜಿಗೆ 827, ಆರೋಗ್ಯ ಸೇವೆಗೆ 3,105 ಪೌಂಡ್ ನಾನೇ ಕಟ್ಟಿದೆ. ವಿದೇಶಿ ನೌಕರರಿಗಾಗಿ ಸಂಸ್ಥೆ ತೆರಬೇಕಾದ ಕೌಶಲ ಶುಲ್ಕವನ್ನು ಮಾತ್ರ ನೌಕರನಿಂದ ವಸೂಲು ಮಾಡುವಂತಿಲ್ಲ. ಯಾರಾದರೂ ಅದನ್ನು ನಿಮ್ಮ ಸಂಬಳದಲ್ಲಿ ಮುರಿದುಕೊಳ್ಳುತ್ತೇವೆಂದರೆ ಒಪ್ಪಬೇಡಿ.

ಅನುಮತಿ ಸಿಕ್ಕಿದ್ದು 33 ತಿಂಗಳಿಗೆ, ಏಕೆಂದರೆ ನಾಲ್ಕು ವರ್ಷಗಳಲ್ಲಿ 15 ತಿಂಗಳನ್ನು ಗ್ರಾಜುಯೇಟ್ ವೀಸಾದಲ್ಲಿ ಆಗಲೇ ಬಳಸಿದ್ದೆ. 2026ರ ಕೊನೆಯಲ್ಲಿ ನವೀಕರಿಸುವಾಗ ರಿಯಾಯಿತಿ ಇರುವುದಿಲ್ಲ. ಆದರೆ 2024ರ ಏಪ್ರಿಲ್ 4ಕ್ಕೆ ಮುಂಚೆ ಈ ದಾರಿಗೆ ಬಂದವರಿಗೆ ಸಂಬಳದ ಮಿತಿ ಹೊಸಬರಿಗಿಂತ ಕಡಿಮೆ, ಮತ್ತು ನನ್ನ ಐದು ವರ್ಷದ ಎಣಿಕೆ ಒಂಬತ್ತು ತಿಂಗಳು ಮುಂಚೆಯೇ ಶುರುವಾಯಿತು. 2025ರ ಮೇ ತಿಂಗಳ ಬ್ರಿಟನ್ ಸರ್ಕಾರದ ಶ್ವೇತಪತ್ರ ಆ ಐದನ್ನು ಸಾಮಾನ್ಯವಾಗಿ ಹತ್ತು ವರ್ಷಕ್ಕೆ ಏರಿಸುವ ಪ್ರಸ್ತಾಪ ಮಾಡಿದೆ. ಆದ್ದರಿಂದ ಅದನ್ನು ನಾನು ಮುಗಿದ ಲೆಕ್ಕವೆಂದು ಇನ್ನೂ ಬರೆದುಕೊಂಡಿಲ್ಲ.

ಈಗ ನನ್ನ ತಂಗಿ 2026ರ ಸೆಪ್ಟೆಂಬರಿಗೆ ಒಂದು ವರ್ಷದ ಎಂ.ಎಸ್ಸಿ.ಗೆ ಬರಲು ಸಿದ್ಧಳಾಗುತ್ತಿದ್ದಾಳೆ. 2027ರ ಜನವರಿ 1ರಿಂದ ಅರ್ಜಿ ಹಾಕುವವರಿಗೆ ಗ್ರಾಜುಯೇಟ್ ವೀಸಾ 18 ತಿಂಗಳು ಮಾತ್ರ. 2024ರ ಜನವರಿಯಿಂದ ಇಂತಹ ಕೋರ್ಸಿಗೆ ಬರುವವರು ಸಂಗಾತಿಯನ್ನು ಅವಲಂಬಿತರಾಗಿ ಕರೆತರುವಂತಿಲ್ಲ. ಅವಳ ಗಂಡ ಮೈಸೂರಿನಲ್ಲೇ ಉಳಿಯಬೇಕಾಗುತ್ತದೆ. ಕಳೆದ ಭಾನುವಾರ ಫೋನಿನಲ್ಲಿ ಅವಳಿಗೆ ಇದನ್ನೇ ಮೊದಲು ಹೇಳಿದೆ, ಅಂಕಗಳ ವಿಷಯಕ್ಕೆ ಆಮೇಲೆ ಬಂದೆ.