ಒಂದು ತೂತು, ಎರಡು ಶಾಲೆ, ಭೂಮಿಯ ಸುತ್ತಳತೆ

ಮೈಸೂರು, ಕಲಬುರಗಿ ಹೆಚ್ಚುಕಡಿಮೆ ಒಂದೇ ರೇಖಾಂಶದಲ್ಲಿವೆ. ಅಕ್ಷಾಂಶ ಮಾತ್ರ 12.3 ಮತ್ತು 17.3 ಡಿಗ್ರಿ. ಎರಡೂ ಊರಿನ ಒಂದೊಂದು ಶಾಲೆ ಒಂದೇ ದಿನ ನಡುಹಗಲಿನ ನೆರಳು ಅಳೆದರೆ ಪ್ರಾಚೀನ ಗ್ರೀಕ್ ವಿದ್ವಾಂಸ ಎರಾಟೋಸ್ತನೀಸ್ ಭೂಮಿಯ ಸುತ್ತಳತೆ ಕಂಡುಹಿಡಿಯಲು ಮಾಡಿದ ಲೆಕ್ಕವನ್ನು ಹೈಸ್ಕೂಲು ಮಕ್ಕಳೇ ಮಾಡಬಹುದು.

ಸಾಮಾನ್ಯವಾಗಿ ಅಂಗಳದಲ್ಲಿ ಕೋಲು ನೆಡುತ್ತಾರೆ. ಪ್ರಯೋಗ ಕೆಡುವುದೇ ಅಲ್ಲಿ. ಸೂರ್ಯಬಿಂಬ ಅರ್ಧ ಡಿಗ್ರಿ ಅಗಲವಿರುವುದರಿಂದ 1 ಮೀಟರ್ ಕೋಲಿನ ನೆರಳಿನ ತುದಿ ಸುಮಾರು 1 ಸೆಂ.ಮೀ. ಮಸುಕಾಗಿರುತ್ತದೆ. ಅಷ್ಟು ತಪ್ಪಿದರೆ ಸೂರ್ಯ ನೆತ್ತಿಯಿಂದ ವಾಲಿರುವ ಕೋನ ಅರ್ಧ ಡಿಗ್ರಿ ತಪ್ಪಿತು. ಎರಡೂ ಊರಿನ ಕೋನಗಳ ನಡುವೆ ನಮಗೆ ಬೇಕಾದ ವ್ಯತ್ಯಾಸವೇ ಬರೀ 5 ಡಿಗ್ರಿ! ಕೋಲು ವಾಲಿದ್ದರಂತೂ ಕೇಳುವುದೇ ಬೇಡ.

ಕೋಲಿನ ಬದಲು ದೊಡ್ಡ ರಟ್ಟಿಗೆ 5 ಮಿ.ಮೀ. ತೂತು ಕೊರೆಯಿರಿ. ಮೇಜಿನ ಮೇಲೆ ಇಟ್ಟಿಗೆ ಪೇರಿಸಿ, ತೂತು ನೆಲದಿಂದ ಸರಿಯಾಗಿ 1 ಮೀಟರ್ ಎತ್ತರದಲ್ಲಿರುವಂತೆ ರಟ್ಟನ್ನು ಉತ್ತರಕ್ಕೆ ಚಾಚಿಸಿ ಕೂರಿಸಿ. ದಾರಕ್ಕೆ ನಟ್ ಕಟ್ಟಿ ತೂತಿನ ನಡುವಿನಿಂದ ಇಳಿಬಿಟ್ಟು, ಕೆಳಗಿನ ಹಾಳೆಯಲ್ಲಿ ಬಿಂದು ಗುರುತಿಸಿ, ದಾರ ತೆಗೆಯಿರಿ. ಹಾಳೆಯ ಮೇಲೆ ಸುಮಾರು 14 ಮಿ.ಮೀ. ಬೆಳಕಿನ ಚುಕ್ಕೆ ಬೀಳುತ್ತದೆ. ಅದರ ನಡುವನ್ನು 2 ಮಿ.ಮೀ. ಒಳಗೆ ಗುರುತಿಸುವುದು ಕಷ್ಟವಲ್ಲ. ನೆಲ ಸಮತಟ್ಟಾಗಿರಬೇಕು, ಮೊದಲೇ ನೀರು ಚೆಲ್ಲಿ ನೋಡಿ.

ಗಡಿಯಾರದ 12 ಗಂಟೆ ನಂಬಬೇಡಿ. ನಮ್ಮ ಗಡಿಯಾರ 82.5 ಡಿಗ್ರಿ ರೇಖಾಂಶದ್ದು. ಇಲ್ಲಿ ಸೂರ್ಯ ನೆತ್ತಿಯ ರೇಖೆ ದಾಟುವುದು ಸೆಪ್ಟೆಂಬರ್ 22ರ ಹೊತ್ತಿಗೆ 12:16ರ ಸುಮಾರಿಗೆ, ಮಾರ್ಚ್ 20ಕ್ಕೆ 12:31ರ ಸುಮಾರಿಗೆ. 12:00ರಿಂದ 12:50ರವರೆಗೆ ಐದೈದು ನಿಮಿಷಕ್ಕೆ ಚುಕ್ಕೆಯ ನಡುವಿಗೆ ಗುರುತು ಹಾಕಿ, ದಾರದ ಬಿಂದುವಿನಿಂದ ಅತಿ ಕಡಿಮೆ ದೂರವನ್ನು ತೆಗೆದುಕೊಳ್ಳಿ.

ಹಗಲು-ರಾತ್ರಿ ಸಮವಾಗುವ ವಿಷುವದ ದಿನ ಈ ದೂರ ಮೈಸೂರಿನಲ್ಲಿ 21.8, ಕಲಬುರಗಿಯಲ್ಲಿ 31.2 ಸೆಂ.ಮೀ. ಆಸುಪಾಸು ಬರಬೇಕು. ಸೆಪ್ಟೆಂಬರ್ ಮೋಡವನ್ನು ನೆಚ್ಚಿಕೊಳ್ಳುವ ಬದಲು ಜನವರಿಯಲ್ಲಿ ಮಾಡುವುದೇ ವಾಸಿ, ಕೋನಗಳ ವ್ಯತ್ಯಾಸ ಬದಲಾಗದು. ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರದವರೆಗೆ ನಡುಹಗಲಿನ ಸೂರ್ಯ ಎರಡೂ ಊರುಗಳ ನಡುವಿನ ಜಾಗಕ್ಕೆ ನೆತ್ತಿಯ ಮೇಲಿರುತ್ತಾನೆ. ಆಗ ಕೋನಗಳನ್ನು ಕಳೆಯದೆ ಕೂಡಬೇಕು. ಕೋನಕ್ಕೆ, ದೂರವನ್ನು ತೂತಿನ ಎತ್ತರದಿಂದ ಭಾಗಿಸಿ ಮೊಬೈಲ್ ಕ್ಯಾಲ್ಕುಲೇಟರಿನ ವಿಲೋಮ ಟ್ಯಾನ್ (tan⁻¹) ಒತ್ತಿದರೆ ಸಾಕು. ಎಂಟನೇ ತರಗತಿಯಾದರೆ 1:5 ಅಳತೆಯಲ್ಲಿ ಚಿತ್ರ ಬರೆದು ಕೋನಮಾಪಕ ಇಡಲಿ. ದೂರಕ್ಕೆ ರಸ್ತೆಯ ಕಿಲೋಮೀಟರ್ ಬೇಡ, ನಕ್ಷೆಯ ನೇರ ದೂರ ಸುಮಾರು 560 ಕಿ.ಮೀ. ಅದನ್ನು 360ರಿಂದ ಗುಣಿಸಿ, ಕೋನಗಳ ವ್ಯತ್ಯಾಸವಾದ 5ರಿಂದ ಭಾಗಿಸಿದರೆ 40,320. ಧ್ರುವಗಳ ಮೂಲಕ ನಿಜವಾದ ಸುತ್ತಳತೆ ಸುಮಾರು 40,008 ಕಿ.ಮೀ.

ಗುರುತು ಹಾಕಿದ ಹಾಳೆ ಎಸೆಯಬೇಡಿ. ರಾಷ್ಟ್ರೀಯ ಶಿಕ್ಷಕರ ಪ್ರಶಸ್ತಿಗೆ 2018ರಿಂದ ಶಿಕ್ಷಕರೇ ಆನ್‌ಲೈನ್‌ನಲ್ಲಿ ಅರ್ಜಿ ಹಾಕಿಕೊಳ್ಳಬಹುದು; ಜೊತೆಗೆ ಚಟುವಟಿಕೆಗಳ ಫೋಟೊ, ವಿಡಿಯೊ, ವರದಿಗಳ ಕಡತ ಕೊಡಬೇಕು. ಸನ್ಮಾನದ ಶಾಲು-ಹಾರದ ಫೋಟೊಗಿಂತ ಮಕ್ಕಳ ಕೈಬರಹದ, ದಿನಾಂಕವಿರುವ, ತಪ್ಪಿದ ಅಳತೆಗಳೂ ಉಳಿದಿರುವ ಹಾಳೆಯನ್ನೇ ಅದರಲ್ಲಿ ಮೊದಲು ಇಡಿ.